ಬಿ ಸೈಡಿನ ಹಾಡು ಯಾರ ಕಿವಿಗೂ ಬೀಳಲಿಲ್ಲ ಯಾಕೆ?

(ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುವವರು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಹಳ ಕಾಲ ರೆಕಾರ್ಡ್, ಕ್ಯಾಸೆಟ್ ಅಂಗಡಿ ನಡೆಸಿದವರು.)

ಪ್ರಶ್ನೆ: ಅಕ್ಕಾ, ಮಗಳು ಬೆಂಗಳೂರಿನಿಂದ ಬಂದಾಗ ಮೊಬೈಲಿನಲ್ಲಿ 'ಟೇಂಟೆಡ್ ಲವ್' ಹಾಡು ಹಾಕಿದಳು. ಕಾಲೇಜಿನಲ್ಲಿದ್ದಾಗ ನಾನು ಕೇಳಿದ್ದ, ಇಂಗ್ಲೆಂಡಿನ ಸಾಫ್ಟ್ ಸೆಲ್ ತಂಡದ ಹಾಡು ಅದು. ಆದರೆ ಇದರಲ್ಲಿ ಹೆಂಗಸಿನ ದನಿ. ಇದೇ ಮೂಲ, 1965ರದ್ದು, ಆಗ ಯಾರೂ ಕೊಳ್ಳಲೇ ಇಲ್ಲ ಅಂದಳು. ಇಷ್ಟು ಚೆನ್ನಾಗಿರುವ ಹಾಡು ಆಗ ಯಾಕೆ ಸೋತಿತು?
— ಓದುಗರು, ಸಾಗರ

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಹಾಡಿದವರು ಗ್ಲೋರಿಯಾ ಜೋನ್ಸ್, ಬರೆದವರು ಎಡ್ ಕಾಬ್. ಚಾಂಪಿಯನ್ ಅನ್ನುವ ಚಿಕ್ಕ ಕಂಪನಿ 1965ರಲ್ಲಿ ಅದನ್ನು ಸಿಂಗಲ್ ಆಗಿ ಹೊರತಂದಿತು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಇಂಗ್ಲೆಂಡಿನ ಪಟ್ಟಿಯಲ್ಲೂ ಇಲ್ಲ. ಆದರೆ ಜನ ಕೇಳಿ ಬೇಡ ಅಂದದ್ದಲ್ಲ, ಅವರಿಗೆ ಅದು ಕೇಳಲಿಕ್ಕೇ ಸಿಗಲಿಲ್ಲ. ಅಂಗಡಿಯ ಕೌಂಟರಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ.

ಮೊದಲಿಗೆ, ಹಾಡು ಇದ್ದದ್ದು ಬಿ ಸೈಡಿನಲ್ಲಿ. ಸಿಂಗಲ್ ಅಂದರೆ ಏಳಿಂಚಿನ ತಟ್ಟೆ, ಬದಿಗೊಂದು ಹಾಡು. ಕಂಪನಿ ಯಾವ ಹಾಡನ್ನು ನಂಬಿದೆಯೋ ಅದು ಎ ಸೈಡಿಗೆ. ಈ ತಟ್ಟೆಯಲ್ಲಿ ಎ ಸೈಡಿನ ಹಾಡು 'ಮೈ ಬ್ಯಾಡ್ ಬಾಯ್ಸ್ ಕಮಿನ್ ಹೋಮ್'. ರೇಡಿಯೊದವರಿಗೆ ಕಳಿಸುವಾಗ, ಅಂಗಡಿಯವರಿಗೆ ಹೇಳುವಾಗ, ಎಲ್ಲ ಕಡೆ ಎ ಸೈಡಿನದೇ ಹೆಸರು. ರೇಡಿಯೊ ಸ್ಟೇಷನ್ನುಗಳಿಗೆ ಪ್ರತಿ ವಾರ ಹೊಸ ತಟ್ಟೆಗಳು ರಾಶಿ ಬೀಳುತ್ತಿದ್ದವು. ಹೆಸರಿಲ್ಲದ ಕಂಪನಿಯ ತಟ್ಟೆಯನ್ನು ಮಗುಚಿ ಹಾಕಿ ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ಯಾರೋ ಒಬ್ಬರು ಹಾಗೆ ಮಗುಚಿ ಹಾಕಿದ್ದರಿಂದಲೇ ಹಿಟ್ ಆದ ಬಿ ಸೈಡುಗಳೂ ಇವೆ. ಈ ಹಾಡಿಗೆ ಆಗ ಅಂಥವರು ಸಿಗಲಿಲ್ಲ.

ನೀವು ಇನ್ನೊಮ್ಮೆ ಕೇಳಿ, ಇಯರ್‌ಫೋನ್ ಹಾಕಿಕೊಂಡು. ಸಾಫ್ಟ್ ಸೆಲ್ ಹಾಡು ನಿಧಾನ, ಸಿಂಥಸೈಜರಿನ ತಣ್ಣಗಿನ ಸದ್ದು. ಗ್ಲೋರಿಯಾ ಅವರದ್ದು ಒಂದೇ ಓಟ. ಡ್ರಮ್ಮು, ಬ್ರಾಸ್ ವಾದ್ಯಗಳು, ಕತ್ತರಿಸಿದ ಹಾಗೆ ಬರುವ ಗಿಟಾರು, ಹಿಂದೆ ಹೆಂಗಸರ ಕೋರಸ್. ಎರಡು ನಿಮಿಷಕ್ಕೆ ಸ್ವಲ್ಪ ಜಾಸ್ತಿ, ಅಷ್ಟರಲ್ಲಿ ಮುಗಿದೇ ಹೋಗುತ್ತದೆ. ಹಾಡಿನ ಹೆಣ್ಣು ಕೆಟ್ಟುಹೋದ ಪ್ರೀತಿಯಿಂದ ಬಿಡಿಸಿಕೊಂಡು, ಸಾಮಾನು ಕಟ್ಟಿಕೊಂಡು ಹೊರಡುವವಳು. ಅಳುತ್ತಾ ಕೂರುವ ಮಾತೇ ಇಲ್ಲ. ಪಲ್ಲವಿ ಬಂದಾಗ ಅವರ ದನಿ ಒಡೆಯುವ ಅಂಚಿನವರೆಗೆ ಹೋಗುತ್ತದೆ, ಒಡೆಯುವುದಿಲ್ಲ. ಆ ಜಾಗ ಕಿವಿಗೊಟ್ಟು ಕೇಳಿ. ಅದು ಚರ್ಚಿನಲ್ಲಿ ಹಾಡಿ ಪಳಗಿದ ಗಂಟಲು. ಗ್ಲೋರಿಯಾ ಹುಟ್ಟಿದ್ದು 1945ರಲ್ಲಿ, ಸಿನ್ಸಿನಾಟಿಯಲ್ಲಿ. ಹದಿಹರೆಯದಲ್ಲೇ ಲಾಸ್ ಏಂಜಲೀಸ್‌ನಲ್ಲಿ ಕೋಗಿಕ್ಸ್ ಅನ್ನುವ ಭಕ್ತಿಗೀತೆ ತಂಡದಲ್ಲಿದ್ದರು. ಮುಂದೆ ದೊಡ್ಡ ಹೆಸರು ಮಾಡಿದ ಬಿಲ್ಲಿ ಪ್ರೆಸ್ಟನ್ ಕೂಡ ಅದೇ ತಂಡದವರು. ಈ ಹಾಡು ಹಾಡಿದಾಗ ಗ್ಲೋರಿಯಾಗೆ ಇಪ್ಪತ್ತರ ಆಸುಪಾಸು. ಆ ವಯಸ್ಸಿಗೆ ಅಷ್ಟು ಹಿಡಿತ! ನನಗಂತೂ ಸಾಫ್ಟ್ ಸೆಲ್‌ಗಿಂತ ಇದೇ ಮೇಲು.

ಇನ್ನು ಚಿಕ್ಕ ಕಂಪನಿಯ ಪಾಡು. ಅಮೆರಿಕದಲ್ಲಿ ಇಂಡಿಪೆಂಡೆಂಟ್ ಲೇಬಲ್ ಅಂತ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಸ್ವಂತ ಕಾರ್ಖಾನೆ ಇಲ್ಲ, ಊರೂರಿಗೆ ಗೋಡೌನ್ ಇಲ್ಲ. ತಟ್ಟೆ ಒತ್ತಿಸಲು ಬೇರೆಯವರ ಕಾರ್ಖಾನೆಗೆ ದುಡ್ಡು ಕಟ್ಟಬೇಕು. ಒಂದೊಂದು ಪಟ್ಟಣಕ್ಕೆ ಒಬ್ಬೊಬ್ಬ ಡಿಸ್ಟ್ರಿಬ್ಯೂಟರ್. ಅವರು ಮಾಲು ಎತ್ತುವುದು ಸಾಲಕ್ಕೆ, ಮಾರದೆ ಉಳಿದದ್ದು ವಾಪಸ್, ಹಣ ಬರುವುದು ತಿಂಗಳುಗಟ್ಟಲೆ ತಡವಾಗಿ. ಹಾಡು ಓಡದಿದ್ದರೆ ನಷ್ಟ, ಅದು ಎಲ್ಲರಿಗೂ ಅರ್ಥವಾಗುತ್ತದೆ. ಓಡಿದರೂ ಕಷ್ಟವೇ. ಇನ್ನಷ್ಟು ತಟ್ಟೆ ಒತ್ತಿಸಲು ಇವತ್ತೇ ದುಡ್ಡು ಬೇಕು, ಮೊದಲು ಕಳಿಸಿದ ಮಾಲಿನ ಬಾಕಿಯೇ ಇನ್ನೂ ಬಂದಿರುವುದಿಲ್ಲ. ಈ ಕಂಪನಿಯ ಮುಂದಿನ ಹಾಡೂ ಓಡುತ್ತದೆ ಅನ್ನಿಸಿದರೆ ಮಾತ್ರ ಡಿಸ್ಟ್ರಿಬ್ಯೂಟರ್ ಹಿಂದಿನ ಬಾಕಿ ಚುಕ್ತಾ ಮಾಡುತ್ತಿದ್ದ.

ವೀ-ಜೇ ಕಂಪನಿಯ ಕತೆ ನೋಡಿ. ವಿವಿಯನ್ ಕಾರ್ಟರ್ ಮತ್ತು ಜೇಮ್ಸ್ ಬ್ರಾಕನ್ ಅನ್ನುವ ಕಪ್ಪು ದಂಪತಿ ಇಂಡಿಯಾನಾದ ಗ್ಯಾರಿ ಊರಿನಲ್ಲಿ ರೆಕಾರ್ಡ್ ಅಂಗಡಿ ಇಟ್ಟವರು. ನಮ್ಮ ಹಾಗೇ ಗಂಡ ಹೆಂಡತಿಯ ಅಂಗಡಿ, ಅದಕ್ಕೇ ಅವರ ಬಗ್ಗೆ ನನಗೆ ವಿಶೇಷ ಅಕ್ಕರೆ. 1953ರಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿಸಿ ಕಂಪನಿ ಶುರು ಮಾಡಿದರು. ಬೆಳೆದರು, ಎಷ್ಟೋ ಒಳ್ಳೆಯ ಹಾಡು ತಂದರು. ಬೀಟಲ್ಸ್ ತಂಡದ ಹಾಡುಗಳನ್ನೂ ಅಮೆರಿಕದಲ್ಲಿ ಮೊದಲು ತಂದವರು ಇವರೇ. 1964ರಲ್ಲಿ ಆ ತಟ್ಟೆಗಳು ಲಕ್ಷಗಟ್ಟಲೆ ಹೋದವು. ಎರಡೇ ವರ್ಷಕ್ಕೆ, 1966ರಲ್ಲಿ, ಕಂಪನಿ ದಿವಾಳಿ. ಬೀಟಲ್ಸ್ ಹಾಡು ಕೈಯಲ್ಲಿದ್ದವರೇ ಉಳಿಯಲಿಲ್ಲ ಅಂದರೆ ಚಾಂಪಿಯನ್‌ನಂಥ ಕಂಪನಿಯ ಬಿ ಸೈಡನ್ನು ಯಾರು ಹೊತ್ತು ತಿರುಗಬೇಕಿತ್ತು?

ನಮ್ಮ ಅಂಗಡಿಗೂ ಚಿಕ್ಕ ಕಂಪನಿಗಳ ತಾಳಮದ್ದಳೆ, ಭಾವಗೀತೆ ಕ್ಯಾಸೆಟ್‌ಗಳು ಹೀಗೇ ಬರುತ್ತಿದ್ದವು. ಕಂಪನಿಯ ಮಾಲೀಕರೇ ಬಸ್ಸಿನಲ್ಲಿ ಚೀಲ ಹೊತ್ತು ತಂದು ಕೌಂಟರಿನ ಮೇಲೆ ಇಡುತ್ತಿದ್ದರು. "ಹೋದದ್ದಕ್ಕೆ ದುಡ್ಡು ಕೊಡಿ ಅಮ್ಮಾ, ಉಳಿದದ್ದು ಮುಂದಿನ ಸಲ ಬಂದಾಗ ತಗೊಂಡು ಹೋಗ್ತೀನಿ" ಅನ್ನುತ್ತಿದ್ದರು. ದೊಡ್ಡ ಕಂಪನಿಯವರು ಸಿನಿಮಾ ಕ್ಯಾಸೆಟ್ಟಿನ ಜೊತೆ ಪೋಸ್ಟರ್ ಕೊಟ್ಟು, ಅಂಗಡಿ ಮುಂದಿನ ಸ್ಪೀಕರಿನಲ್ಲಿ ಇದನ್ನೇ ಹಾಕಿ ಅಂತ ಹೇಳಿ ಹೋಗುತ್ತಿದ್ದರು. ಸ್ಪೀಕರಿನಲ್ಲಿ ಬಂದದ್ದು ಮಾರಾಟವಾಗುತ್ತಿತ್ತು, ಕಪಾಟಿನಲ್ಲಿ ಇದ್ದದ್ದು ಕಪಾಟಿನಲ್ಲೇ ಇರುತ್ತಿತ್ತು. ಅದಕ್ಕೇ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ನಾನು ಚೀಲದವರ ಕ್ಯಾಸೆಟ್ ಹಾಕುತ್ತಿದ್ದೆ. ಹೊಸನಗರದ ಬಸ್ಸಿಗೆ ಕಾಯುತ್ತಿದ್ದವರು ಎಷ್ಟೋ ಜನ ಒಳಗೆ ಬಂದು "ಇದು ಯಾರ ಭಾಗವತಿಕೆ?" ಅಂತ ಕೇಳಿ ತಗೊಂಡು ಹೋಗಿದ್ದಾರೆ.

ಟೇಂಟೆಡ್ ಲವ್‌ಗೆ ಸ್ಪೀಕರ್ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ, ಎಂಟು ವರ್ಷ ಕಳೆದ ಮೇಲೆ. ಉತ್ತರ ಇಂಗ್ಲೆಂಡಿನ ಕಾರ್ಖಾನೆ ಪಟ್ಟಣಗಳ ಹುಡುಗ ಹುಡುಗಿಯರಿಗೆ ಅಮೆರಿಕದ ಹಳೆಯ, ವೇಗದ, ಯಾರೂ ಕೇಳದ ಸೋಲ್ (ಚರ್ಚಿನ ಹಾಡಿನ ಛಾಯೆ ಇರುವ, ಅಮೆರಿಕದ ಕಪ್ಪು ಜನರ ಸಂಗೀತ) ಹಾಡುಗಳ ಹುಚ್ಚು ಹಿಡಿದಿತ್ತು. ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ, ಪತ್ರಿಕೆಗೆ ಬರೆಯುತ್ತಿದ್ದ ಡೇವ್ ಗಾಡಿನ್ ಇದಕ್ಕೆ ನಾರ್ದರ್ನ್ ಸೋಲ್ ಅಂತ ಹೆಸರಿಟ್ಟರು. ವಿಗನ್ ಪಟ್ಟಣದ ಕ್ಯಾಸಿನೊ ಅನ್ನುವ ಹಾಲ್‌ನಲ್ಲಿ 1973ರಿಂದ ಶನಿವಾರ ರಾತ್ರಿ ಶುರುವಾದರೆ, ನಮ್ಮ ಕಡೆ ಯಕ್ಷಗಾನ ಬಯಲಾಟದ ಹಾಗೆ, ಮುಗಿಯುವುದು ಬೆಳಗಾದ ಮೇಲೆ. ಅಲ್ಲಿ ಮದ್ಯ ಮಾರುತ್ತಿರಲಿಲ್ಲ. ಬರುವವರು ಬರುತ್ತಿದ್ದದ್ದು ಕುಣಿಯಲಿಕ್ಕೆ. ಅವರಿಗೆ ಹಾಡು ಹಿಟ್ ಆಗಿತ್ತಾ ಇಲ್ಲವಾ ಅನ್ನುವುದು ಬೇಕಿರಲಿಲ್ಲ. ಯಾರೂ ಕೇಳದ್ದಾದರೆ ಇನ್ನೂ ಒಳ್ಳೆಯದು.

ಹಾಗಾಗಿ ಅಲ್ಲಿನ ಡಿಜೆಗಳು ಅಮೆರಿಕಕ್ಕೆ ಹೋಗಿ, ಮಾರದೆ ಉಳಿದ ತಟ್ಟೆಗಳ ಗೋಡೌನುಗಳಲ್ಲಿ ದೂಳು ಕುಡಿಯುತ್ತಾ ಹುಡುಕುತ್ತಿದ್ದರು. ರಿಚರ್ಡ್ ಸರ್ಲಿಂಗ್ ಅನ್ನುವ ಡಿಜೆ 1973ರಲ್ಲಿ ಅಂಥ ಒಂದು ಪ್ರವಾಸದಲ್ಲಿ ಗ್ಲೋರಿಯಾ ಅವರ ತಟ್ಟೆ ಕೊಂಡರು. ಬೋಲ್ಟನ್ ಊರಿನ ವಾ ವಾಸ್ ಕ್ಲಬ್ಬಿನಲ್ಲಿ ಅದನ್ನು ಹಾಕಿದರು, ಆಮೇಲೆ ವಿಗನ್ನಿನಲ್ಲೂ ಹಾಕಿದರು. ಎ ಸೈಡನ್ನಲ್ಲ, ಬಿ ಸೈಡನ್ನು. ಜನ ಎದ್ದು ಕುಣಿದರು. ಆ ಕಾಲದ ಡಿಜೆಗಳು ಅಪರೂಪದ ತಟ್ಟೆ ಸಿಕ್ಕರೆ ಲೇಬಲ್ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರು ಬರೆದು ಇಡುತ್ತಿದ್ದದ್ದೂ ಉಂಟು. ಪಕ್ಕದ ಕ್ಲಬ್ಬಿನವರಿಗೆ ಗುಟ್ಟು ಗೊತ್ತಾಗಬಾರದಲ್ಲ! ಹಾಡು ಉಳಿಯಿತು, ಹಾಡಿದವರ ಹೆಸರು ಮಾತ್ರ ಕಾಗದದ ಅಡಿಗೆ ಹೋಯಿತು. ಇದು ನನಗೆ ಈಗಲೂ ಬೇಸರದ ವಿಷಯ.

1976ರಲ್ಲಿ ಗ್ಲೋರಿಯಾ ಆ ಹಾಡನ್ನು ಮತ್ತೆ ಹಾಡಿದರು. ಅದೂ ಪಟ್ಟಿಗೆ ಬರಲಿಲ್ಲ. 1981ರಲ್ಲಿ ಸಾಫ್ಟ್ ಸೆಲ್ ಹಾಡಿತು. ಅದರ ಕೀಬೋರ್ಡ್ ವಾದಕ ಡೇವ್ ಬಾಲ್ ಬೆಳೆದದ್ದು ಬ್ಲ್ಯಾಕ್‌ಪೂಲಿನಲ್ಲಿ, ನಾರ್ದರ್ನ್ ಸೋಲ್ ಕೇಳುತ್ತಾ. ಇಂಗ್ಲೆಂಡಿನಲ್ಲಿ ನಂಬರ್ ಒನ್. ಅಮೆರಿಕದ ಹಾಟ್ 100 ಪಟ್ಟಿಯಲ್ಲಿ 43 ವಾರ, ಆಗಿನ ಮಟ್ಟಿಗೆ ಅದೇ ದಾಖಲೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇದನ್ನು ಬಹಳ ಜನ ಕೇಳುತ್ತಾರೆ. ಬೇರೆಯವರು ಹಾಡನ್ನು ಮತ್ತೆ ಹಾಡಿದಾಗ ರಾಯಲ್ಟಿ ಹೋಗುವುದು ಬರೆದವರಿಗೆ ಮತ್ತು ಅದರ ಪಬ್ಲಿಷರ್‌ಗೆ. ಮೊದಲು ಹಾಡಿದವರಿಗೆ ಏನೂ ಇಲ್ಲ. ಅಮೆರಿಕದ ಎಎಂ, ಎಫ್‌ಎಂ ರೇಡಿಯೊದವರು ಹಾಡು ಹಾಕಿದರೂ ಬರೆದವರಿಗಷ್ಟೇ ಹಣ, ಹಾಡಿದವರಿಗಿಲ್ಲ. ತಟ್ಟೆ ಮಾರಾಟವಾದಾಗ ಎರಡೂ ಬದಿಯ ಹಾಡು ಬರೆದವರಿಗೆ ಪಾಲು ಇರುತ್ತದೆ, ಬಿ ಸೈಡನ್ನು ಯಾರೂ ಕೇಳದಿದ್ದರೂ ಸರಿ. ಸಾಫ್ಟ್ ಸೆಲ್‌ನವರು ಸಿಂಗಲ್ಲಿನ ಹಿಂಬದಿಗೂ ಸುಪ್ರೀಮ್ಸ್ ತಂಡದ ಹಳೆಯ ಹಾಡನ್ನೇ ಹಾಕಿದರು. ಹೀಗಾಗಿ ಅಷ್ಟು ದೊಡ್ಡ ಹಿಟ್‌ನಲ್ಲೂ ಬರವಣಿಗೆಯ ರಾಯಲ್ಟಿ ಅವರಿಗೆ ಒಂದು ಕಾಸೂ ಇಲ್ಲ. ಗ್ಲೋರಿಯಾ ಅವರೂ ಬರೆಯುತ್ತಿದ್ದರು. 1970ರಲ್ಲಿ ಗ್ಲಾಡಿಸ್ ನೈಟ್ ತಂಡ ಹಾಡಿದ 'ಇಫ್ ಐ ವರ್ ಯುವರ್ ವುಮನ್' ಬರೆದವರಲ್ಲಿ ಅವರೂ ಒಬ್ಬರು. ಮಗಳಿಗೆ ಹೇಳಿ, ಅದನ್ನೂ ಹಾಕಿಸಿ ಕೇಳಿ.

ಪ್ರಶ್ನೆ: ನಮ್ಮ ಮಾವನವರ ಅಣ್ಣ 60ರ ದಶಕದಲ್ಲಿ ಅಮೆರಿಕದಲ್ಲಿ ಓದಿ ಬಂದವರು. ಅವರ ಟ್ರಂಕಿನಲ್ಲಿ ಚಿಕ್ಕ ತಟ್ಟೆಗಳು ಸಿಕ್ಕಿವೆ. ನಡುವಿನ ತೂತು ದೊಡ್ಡದು, ನಮ್ಮ ಪ್ಲೇಯರಿನಲ್ಲಿ ಕೂರುವುದೇ ಇಲ್ಲ. ಹಾಳಾಗಿವೆಯಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಹಾಳಾಗಿಲ್ಲಮ್ಮ, ಅವು ಇರುವುದೇ ಹಾಗೆ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಈ ಏಳಿಂಚಿನ, ನಿಮಿಷಕ್ಕೆ 45 ಸುತ್ತಿನ ತಟ್ಟೆ ತಂದಿತು. ಹಲವು ತಟ್ಟೆ ಒಟ್ಟಿಗೆ ಪೇರಿಸಿಟ್ಟರೆ ಒಂದಾದ ಮೇಲೊಂದು ತಾನಾಗಿ ಬೀಳುವ ಯಂತ್ರಕ್ಕೆ ಒಂದೂವರೆ ಇಂಚಿನ ತೂತು ಬೇಕಿತ್ತು. ನಮ್ಮ ಎಚ್‌ಎಂವಿಯ ಚಿಕ್ಕ ತಟ್ಟೆಗಳಿಗೆ ಸಾಮಾನ್ಯವಾಗಿ ಸಣ್ಣ ತೂತೇ ಇರುತ್ತಿತ್ತು, ಅದಕ್ಕೇ ನಿಮಗೆ ವಿಚಿತ್ರ ಅನ್ನಿಸಿದೆ. ತೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದನ್ನು ಹಾಕಿ, ಸ್ಪೀಡನ್ನು 45ಕ್ಕೆ ಇಡಿ. 33ರಲ್ಲಿ ಹಾಕಿದರೆ ಹಾಡು ಎಳೆಯುತ್ತದೆ. ರಟ್ಟಿನ ತುಂಡು ಕತ್ತರಿಸಿ ಅಂದಾಜಿನ ಮೇಲೆ ಕೂರಿಸಬೇಡಿ. ನಡು ಒಂದು ಕೂದಲೆಳೆಯಷ್ಟು ತಪ್ಪಿದರೂ ಸ್ವರ ಅಲುಗಾಡುತ್ತದೆ.

ಎರಡೂ ಬದಿ ಕೇಳಿ. ಲೇಬಲ್ ಮೇಲಿನ ಕಂಪನಿಯ ಹೆಸರು, ನಂಬರ್, ಹಾಡಿದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದೊಡ್ಡವರು ಯಾವ ಊರಿನಲ್ಲಿ ಓದಿದ್ದರು ಅನ್ನುವುದನ್ನೂ ಸೇರಿಸಿ. ಆಗಿನ ಚಿಕ್ಕ ಕಂಪನಿಗಳ ಎಷ್ಟೋ ತಟ್ಟೆಗಳು ಅದೇ ಊರಿನ ಸುತ್ತಮುತ್ತ ಬಿಟ್ಟು ಬೇರೆಡೆ ಹೋಗುತ್ತಲೇ ಇರಲಿಲ್ಲ.

ಪ್ರಶ್ನೆ: ಮಳೆಗಾಲ ಬಂದರೆ ನಮ್ಮ ರೆಕಾರ್ಡ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ಸ್ಪಿರಿಟ್ ಹಾಕಿ ಒರೆಸಬಹುದಾ? ಅಡುಗೆಮನೆ ಅಟ್ಟದ ಮೇಲೆ ಇಟ್ಟರೆ ಬೆಚ್ಚಗಿರುತ್ತದೆ ಅನ್ನುತ್ತಾರೆ ಅತ್ತೆ.
— ಓದುಗರು, ಹೊಸನಗರ

ಉತ್ತರ: ಮೊದಲು ತಟ್ಟೆ ಯಾವುದು ಅಂತ ನೋಡಿಕೊಳ್ಳಿ. ಭಾರವಾಗಿ, ಬಿದ್ದರೆ ಒಡೆಯುವಂತಿದ್ದು, 78 ಸುತ್ತಿನದಾದರೆ ಅದರಲ್ಲಿ ಅರಗು ಇದೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಒಂದು ಸಲ ಒರೆಸಿದರೂ ಗೆರೆಗಳು ಹೋದಂತೆ, ಹಾಡೂ ಹೋದಂತೆ. ಅದಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಸ್ವಲ್ಪ ಬಾಗುವ ತಟ್ಟೆಯಾದರೆ ಅದು ವಿನೈಲ್.

ಎರಡಕ್ಕೂ ನಾನು ಮಾಡುವುದು ಒಂದೇ. ಮೊದಲು ಜಗಲಿಗೆ ತಂದು ಒಣ ಮೆತ್ತನೆ ಬ್ರಷ್ಷಿನಲ್ಲಿ ಬೂಷ್ಟು ಉದುರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಮೈಕ್ರೋಫೈಬರ್ ಬಟ್ಟೆ ಅದ್ದಿ, ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಸುತ್ತು ಒರೆಸಿ. ನಡುವಿನ ಕಾಗದದ ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನ ಬಟ್ಟೆಯಲ್ಲಿ ಇನ್ನೊಮ್ಮೆ. ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೆ ಇಟ್ಟರೆ ವಿನೈಲ್ ಸೊಟ್ಟಗಾಗುತ್ತದೆ. ಬೂಷ್ಟು ಹಿಡಿದ ಒಳಗಿನ ಕಾಗದದ ಕವರ್ ಎಸೆದು ಹೊಸದು ಹಾಕಿ. ಇಲ್ಲದಿದ್ದರೆ ಒಂದೇ ವಾರದಲ್ಲಿ ಮತ್ತೆ ಹಿಡಿಯುತ್ತದೆ.

ಅತ್ತೆಯವರು ಹೇಳಿದ ಅಟ್ಟ ಕೊಡೆ, ಬುಟ್ಟಿಗಳಿಗೆ ಸರಿ. ತಟ್ಟೆಗೆ ಅಲ್ಲಿನ ಶಾಖವೂ ಆಗದು, ಮಸಿಯೂ ಆಗದು. ಹೊರಗೋಡೆಗೆ ತಾಗದ ಮರದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಮಲಗಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ಪ್ರಶ್ನೆ: ರಿದಮ್ ಅಂಡ್ ಬ್ಲೂಸ್ ಅಂದರೆ ಏನು? ಈಗಿನ ಆರ್ ಅಂಡ್ ಬಿ ಅದೇನಾ?
— ಓದುಗರು, ಶಿವಮೊಗ್ಗ

ಉತ್ತರ: ಹೆಸರು ಅದೇ, ಸದ್ದು ಬಹಳ ಬದಲಾಗಿದೆ. ಅಮೆರಿಕದ ಕಪ್ಪು ಜನರ ಹಾಡಿನ ತಟ್ಟೆಗಳಿಗೆ ಮೊದಲು 'ಜನಾಂಗದ ತಟ್ಟೆ' ಅಂತಲೇ ಕರೆಯುತ್ತಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಅದನ್ನು ಬಿಟ್ಟು ಈ ಹೆಸರು ತಂದಿತು. ಸೂಚಿಸಿದವರು ಅಲ್ಲಿ ಕೆಲಸದಲ್ಲಿದ್ದ ಜೆರ್ರಿ ವೆಕ್ಸ್ಲರ್.

ಈ ಹಾಡುಗಳನ್ನು ಚಿಕ್ಕ ಕಂಪನಿಗಳೇ ಯಾಕೆ ತಂದವು ಅನ್ನುವುದರಲ್ಲಿ ನಮ್ಮ ದೇಶದ ಪಾಲೂ ಇದೆ. ಆಗಿನ ತಟ್ಟೆಗೆ ಬೇಕಾದ ಅರಗು ಹೆಚ್ಚಾಗಿ ಭಾರತದಿಂದಲೇ ಹೋಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಹಡಗು ಸಂಚಾರಕ್ಕೆ ತೊಂದರೆಯಾಗಿ 1942ರಲ್ಲಿ ಅಮೆರಿಕದ ಸರಕಾರ ತಟ್ಟೆ ಕಂಪನಿಗಳಿಗೆ ಅರಗಿನ ಬಳಕೆಯನ್ನು ಶೇ. 70ರಷ್ಟು ಕಡಿತ ಮಾಡಿತು. ದೊಡ್ಡ ಕಂಪನಿಗಳು ಇದ್ದ ಅರಗನ್ನು ದೊಡ್ಡ ಹೆಸರುಗಳಿಗೆ ಮೀಸಲಿಟ್ಟವು, ಕಪ್ಪು ಹಾಡುಗಾರರನ್ನು ಕೈಬಿಟ್ಟವು. ಆ ಖಾಲಿ ಜಾಗಕ್ಕೆ ಬಂದವರು ಸಣ್ಣವರು. ಸಿನ್ಸಿನಾಟಿಯ ಕಿಂಗ್ 1943ರಲ್ಲಿ, ನ್ಯೂಯಾರ್ಕಿನ ಅಟ್ಲಾಂಟಿಕ್ 1947ರಲ್ಲಿ, ಶಿಕಾಗೊದ ಚೆಸ್ 1950ರಲ್ಲಿ. ಇವರಿಲ್ಲದೆ ರಾಕ್ ಸಂಗೀತವೂ ಇಲ್ಲ ಅಂತಲೇ ನಾನು ಹೇಳುವುದು.

ಪ್ರಶ್ನೆ: ಹಳೆಯ ಸಿಂಗಲ್ ಒಂದು ಲಕ್ಷಾಂತರ ರೂಪಾಯಿಗೆ ಹೋಯಿತಂತೆ. ನಮ್ಮ ಮನೆಯದಕ್ಕೂ ಬೆಲೆ ಬರುತ್ತದಾ?
— ಓದುಗರು, ಭದ್ರಾವತಿ

ಉತ್ತರ: ನೀವು ಕೇಳಿದ್ದು ಫ್ರಾಂಕ್ ವಿಲ್ಸನ್ ತಟ್ಟೆ ಇರಬೇಕು. ಮೋಟೌನ್ ಕಂಪನಿ 1965ರಲ್ಲಿ ಒತ್ತಿಸಿ, ಮಾರಾಟಕ್ಕೆ ಬಿಡದೆ ನಾಶಮಾಡಿದ್ದು. ಕೈಬೆರಳೆಣಿಕೆಯಷ್ಟು ಉಳಿದವು. 2009ರಲ್ಲಿ ಒಂದು 25 ಸಾವಿರ ಪೌಂಡಿಗೂ ಜಾಸ್ತಿ ಬೆಲೆಗೆ ಹೋಯಿತು. ಅದು ಕೋಟಿಗೊಂದು. ಸಾಮಾನ್ಯ ಹಿಂದಿ, ಕನ್ನಡ ಸಿನಿಮಾ ತಟ್ಟೆಗಳಿಗೆ ದೊಡ್ಡ ಬೆಲೆ ಬರುವುದಿಲ್ಲ. ಹಾಗಂತ ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಡಬೇಡಿ. ಮನೆಯಲ್ಲಿ ಹಾಕಿ ಕೇಳಿ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ತಾಳಮದ್ದಳೆ ಕ್ಯಾಸೆಟ್‌ಗಳು ಎರಡು ಪೆಟ್ಟಿಗೆ ಉಳಿದಿವೆ. ಕಂಪನಿಗಳ ಹೆಸರು ಯಾರಿಗೂ ಗೊತ್ತಿಲ್ಲ. ಯೂಟ್ಯೂಬಿನಲ್ಲಿ ಎಲ್ಲ ಸಿಗುತ್ತದಲ್ಲ, ಸುಮ್ನೆ ಯಾಕೆ ಇಟ್ಟುಕೊಳ್ಳಬೇಕು ಅನ್ನುತ್ತಾನೆ ತಮ್ಮ.
— ಓದುಗರು, ಕೊಪ್ಪ

ಉತ್ತರ: ಎಲ್ಲ ಸಿಗುವುದಿಲ್ಲ, ತಮ್ಮನಿಗೆ ಹೇಳಿ. ಯಾರೋ ಒಬ್ಬರು ಪ್ಲೇಯರ್ ಮುಂದೆ ಕೂತು ತುಂಬಿಸಿದ್ದು ಮಾತ್ರ ಸಿಗುತ್ತದೆ. ಹೆಸರು ಗೊತ್ತಿಲ್ಲದ ಕಂಪನಿಯ ಕ್ಯಾಸೆಟ್ ಅಂದರೆ ಅದನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಅಂಥದ್ದು ಕಡಿಮೆ ತಯಾರಾಗಿರುತ್ತದೆ. ಬಸ್ಸಿನಲ್ಲಿ ಚೀಲ ಹೊತ್ತು ತಂದ ಮಾಲೀಕರ ಮನೆಯಲ್ಲೂ ಒಂದು ಪ್ರತಿ ಉಳಿದಿರುತ್ತದೆ ಅಂತ ನಂಬಿ ಕೂರಬೇಡಿ.

ಕಿಟಕಿಯಂಥ ಜಾಗದಲ್ಲಿ ಟೇಪಿನ ಅಂಚು ನೋಡಿ. ಬಿಳಿ ಚುಕ್ಕೆ ಇದ್ದರೆ ಬೂಷ್ಟು, ಅದನ್ನು ಬೇರೆ ಇಡಿ, ಕೊನೆಗೆ ತುಂಬಿಸಿ. ಉಳಿದವನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಅಂಟಿಕೊಂಡ ಸುರುಳಿ ಸಡಿಲವಾಗುತ್ತದೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಲ್ಲಿ ಒರೆಸಿ, ಪ್ರತಿ ಕ್ಯಾಸೆಟ್ ಆದ ಮೇಲೂ ಒರೆಸಿ. ಪ್ಲೇಯರಿನಿಂದ ಕಂಪ್ಯೂಟರಿಗೆ ವೈರ್ ಹಾಕಿ ವೇವ್ ಫೈಲಾಗಿ ತುಂಬಿಸಿ. ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದು ರೆಕಾರ್ಡ್ ಮಾಡಿದರೆ ಮದ್ದಳೆಯ ಸದ್ದೆಲ್ಲ ಕಲಸಿಹೋಗುತ್ತದೆ. ಗೊರಗೊರ ಸದ್ದು ತೆಗೆಯುವ ಸಾಫ್ಟ್‌ವೇರ್ ಸದ್ಯಕ್ಕೆ ಬೇಡ, ಜಾಗಟೆಯ ಝೇಂಕಾರವನ್ನೂ ಅದು ತಿಂದುಹಾಕುತ್ತದೆ.

ಫೈಲಿನ ಹೆಸರಿನಲ್ಲಿ ಪ್ರಸಂಗ, ಭಾಗವತರು, ಮದ್ದಳೆಯವರು, ಅರ್ಥಧಾರಿಗಳು, ಕಂಪನಿ, ನಂಬರ್ ಎಲ್ಲ ಬರೆಯಿರಿ. ಕವರಿನ ಫೋಟೊ ತೆಗೆಯಿರಿ, ಒಳಮೈಯದ್ದೂ ಸೇರಿಸಿ. ಚಿಕ್ಕ ಕಂಪನಿಗಳು ಕಲಾವಿದರ ಪಟ್ಟಿಯನ್ನು ಹೆಚ್ಚಾಗಿ ಅಲ್ಲೇ ಅಚ್ಚು ಹಾಕಿಸುತ್ತಿದ್ದದ್ದು. ಪ್ಲೇಯರ್ ಕೆಟ್ಟಿದ್ದರೆ ಹೆದರಬೇಡಿ, ಬಹಳ ಸಲ ರಬ್ಬರ್ ಬೆಲ್ಟ್ ಸಡಿಲಾಗಿರುತ್ತದೆ ಅಷ್ಟೇ. ಹಳೆಯ ರೇಡಿಯೊ ರಿಪೇರಿ ಮಾಡುವವರ ಹತ್ತಿರ ತಗೊಂಡು ಹೋಗಿ, ಬದಲಿಸಿ ಕೊಡುತ್ತಾರೆ.